ಬೀಜಸಂಸ್ಕಾರದ ಪಾಠವಿಚಾರ

೧

ಔಷಧಿಸಸ್ಯಗಳ ರಸದಲ್ಲಿಯೋ ಕಷಾಯದಲ್ಲಿಯೋ ನೆನೆಯಿಸಿ ಬಿತ್ತಿದ ಬೀಜವು ಬೇಗನೆ ಮೊಳೆಯುವುದೆಂದೂ ಅದರ ಸಸಿಯು ಪುಷ್ಟವಾಗಿ ಏಳುವುದೆಂದೂ ಹೇಳುವ ವಾಕ್ಯಗಳು ಭಾರತೀಯ ಶಾಸ್ತ್ರಗ್ರಂಥಗಳಲ್ಲಿ ಬಹುಕಾಲದಿಂದ ನಡೆದುಬಂದಿವೆ. ಕನ್ನಡದಲ್ಲಿ ಈ ವಿಷಯಕ್ಕೆ ಮೊದಲು ನೋಡಬೇಕಾದ ಗ್ರಂಥವು ಚಾಲುಕ್ಯ ಚಕ್ರವರ್ತಿಯಾದ ಜಯಸಿಂಹನ ಆಳಿಕೆಯಲ್ಲಿ, ಕ್ರಿ. ಶ. ೧೦೨೫ರ ಸುಮಾರಿನಲ್ಲಿ, ಚಾವುಂಡರಾಯನು ರಚಿಸಿದ ಲೋಕೋಪಕಾರ. ೯೭೮ರಲ್ಲಿ ಪುರಾಣವನ್ನು ಬರೆದ ಗಂಗರ ಮಂತ್ರಿ ಚಾವುಂಡರಾಯನು ಬೇರೆ, ಈತನು ಬೇರೆ. ಮನೆ ಕಟ್ಟುವುದು, ನೆಲದೊಳಗಿನ ನೀರನ್ನು ಕಾಣುವುದು, ಗಿಡಗಳನ್ನು ಬೆಳೆಸುವುದು, ಗಂಧವನ್ನು ಕೂಡಿಸುವುದು, ಅಡಿಗೆ, ವೈದ್ಯ, ವಿಷಹರಣ ಮುಂತಾದ ಸಂಸಾರಿಗಳಿಗೆ ಬೇಕಾದ ವಿಷಯಗಳೆಲ್ಲವನ್ನೂ ಒಂದೆಡೆಗೆ ತಂದಿರುವ ಈ ಗ್ರಂಥವು ೧೯೫೦ರಲ್ಲಿ ಮದರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಿಂದ ಮುದ್ರಿತವಾಯಿತು. ೨೦೦೬ರಲ್ಲಿ ಸಿಕಂದರಾಬಾದಿನ ಏಷಿಯನ್ ಅಗ್ರಿ-ಹಿಸ್ಟರಿ ಫೌಂಡೇಷನ್ ಇದರ ಇಂಗ್ಲಿಷ್ ಅನುವಾದವನ್ನು ಹೊರತಂದ ಮೇಲೆ, ಸಾಹಿತ್ಯದ ಅಭ್ಯಾಸಿಗಳು ಮಾತ್ರವಲ್ಲದೆ ಕೃಷಿಶಾಸ್ತ್ರಜ್ಞರೂ ಇದನ್ನು ಕೈಗೆತ್ತಿಕೊಳ್ಳತೊಡಗಿದರು.

ಒಂದು ಹಳಗನ್ನಡ ಗ್ರಂಥಕ್ಕೆ ಹೊಸ ವಾಚಕರು ದೊರೆತುದು ಸಂತೋಷದ ವಿಷಯವೇ. ಆದರೆ ಇದರಿಂದ ಒಂದು ಹೊಸ ತೊಡಕೂ ಹುಟ್ಟಿದೆ. ಕಾವ್ಯದಲ್ಲಿ ಒಂದು ಶಬ್ದಕ್ಕೆ ತಪ್ಪು ಅರ್ಥವನ್ನು ಹೇಳಿದರೆ ಕೆಡುವುದು ಒಂದು ಪದ್ಯದ ಸ್ವಾರಸ್ಯ. ವೃಕ್ಷಾಯುರ್ವೇದದಲ್ಲಿ ತಪ್ಪು ಅರ್ಥವನ್ನು ಹೇಳಿದರೆ ಕೆಡುವುದು ಪಾತ್ರೆಯೊಳಗಿನ ಬೀಜ. ಆ ಬೀಜವು ಹೊಲಕ್ಕೆ ಹೋದರೆ, ಒಂದು ವರ್ಷದ ಬೆಳೆ. ಇಂತಹ ಗ್ರಂಥಗಳನ್ನು ಕುರಿತು ಈಗ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಈಗಿನ ವಿಜ್ಞಾನವು ಕಂಡುದನ್ನೆಲ್ಲ ಪ್ರಾಚೀನರು ಆಗಲೇ ಹೇಳಿದ್ದರೆಂಬುದು ಒಂದು. ಇವೆಲ್ಲ ಅಡಗೂಲಜ್ಜಿಯ ಕಥೆಗಳೆಂಬುದು ಇನ್ನೊಂದು. ಈ ಎರಡು ಪಕ್ಷದವರೂ ಒಂದೇ ಕೆಲಸವನ್ನು ಬಿಟ್ಟಿದ್ದಾರೆ. ವಾಕ್ಯವು ಏನನ್ನು ಹೇಳುತ್ತದೆ, ಯಾವ ಗಿಡವನ್ನು ಹೆಸರಿಸುತ್ತದೆ, ಯಾವ ಅಳತೆಯನ್ನು ಕೊಡುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಅವರು ಪ್ರಯೋಗಕ್ಕೆ ಮೊದಲು ಕೇಳಿಲ್ಲ. ಈ ಮೂರೂ ಪಾಠವಿಮರ್ಶೆಯ ಪ್ರಶ್ನೆಗಳಾದುದರಿಂದ ಸಾಹಿತ್ಯಪಂಡಿತರು ಇಲ್ಲಿ ಬರಿಯ ಪ್ರೇಕ್ಷಕರಾಗಿರುವುದು ಯುಕ್ತವಲ್ಲ.

೨

ಮೊದಲನೆಯ ಪ್ರಶ್ನೆಗೆ ವರಾಹಮಿಹಿರನ ಬೃಹತ್ಸಂಹಿತೆಯಿಂದ ಹೊರಡುವುದು ಸಮುಚಿತ. ಕ್ರಿಸ್ತಶಕ ಆರನೆಯ ಶತಮಾನದ ಈ ಸಂಹಿತೆಯಲ್ಲಿಯೂ ವಾಸ್ತು, ಉದಕಾರ್ಗಳ, ವೃಕ್ಷಾಯುರ್ವೇದ, ಗಂಧಯುಕ್ತಿಗಳು ಇವೆ. ಲೋಕೋಪಕಾರದ ವಿಷಯಕ್ರಮವು ಆ ಪರಂಪರೆಗೆ ಸೇರಿದುದೆಂಬುದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ಸ್ಪಷ್ಟವಾಗುತ್ತದೆ.

ವರಾಹಮಿಹಿರನು ಬೀಜಕ್ಕೆ ಹೇಳುವ ಸಾಮಾನ್ಯ ಸಂಸ್ಕಾರವು ಹೀಗಿದೆ: ಹತ್ತು ದಿನ ಹಾಲಿನಲ್ಲಿ ಭಾವನೆ ಕೊಡಬೇಕು, ತುಪ್ಪ ಸವರಿದ ಕೈಯಿಂದ ಬೀಜವನ್ನು ಉಜ್ಜಬೇಕು, ಹಲವು ಬಾರಿ ಸಗಣಿಯಲ್ಲಿ ಹೊರಳಿಸಿ ಒಣಗಿಸಬೇಕು, ಮೃಗ ವರಾಹಗಳ ಮಾಂಸದ ಹೊಗೆಯನ್ನು ಕೊಡಬೇಕು. ಇಷ್ಟನ್ನು ಓದುವಾಗ ಇದು ರೈತನ ಅನುಭವದಿಂದ ಬಂದ ವಿಧಿಯೆಂದು ತೋರುತ್ತದೆ. ಆದರೆ ಫಲವನ್ನು ಹೇಳುವಾಗ, ಹೀಗೆ ಸಂಸ್ಕಾರ ಪಡೆದ ಬೀಜವನ್ನು ತಕ್ಕ ನೆಲದಲ್ಲಿಟ್ಟು ಹಾಲುನೀರನ್ನೆರೆದರೆ ಗಿಡವು ಹೂವಿನೊಡನೆಯೇ ಹುಟ್ಟುವುದೆಂದು ಆತನು ಮುಗಿಸುತ್ತಾನೆ. ವಿಧಿಯು ಲೌಕಿಕ, ಫಲಶ್ರುತಿಯು ಅದ್ಭುತ. ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಅಂಕೋಲೆಯ ಹಣ್ಣಿನ ಕಲ್ಕದಲ್ಲಿಯೋ ಎಣ್ಣೆಯಲ್ಲಿಯೋ ನೂರು ಬಾರಿ ನೆನೆಯಿಸಿದ ಬೀಜವನ್ನು ಆಲಿಕಲ್ಲಿನ ನೀರು ಬೆರೆತ ಮಣ್ಣಿನಲ್ಲಿಟ್ಟರೆ ಆ ಕ್ಷಣವೇ ಮೊಳೆಯುವುದೆಂಬ ಮಾತು ಇನ್ನೂ ಮುಂದೆ ಹೋದುದು. ಅದು ಇಂದ್ರಜಾಲದ ಗಡಿಯನ್ನು ಮುಟ್ಟುತ್ತದೆ.

ಇಲ್ಲಿಗಿಂತ ಸೂಕ್ಷ್ಮವಾದ ತೊಡಕು ಬೇಲದ ಬೀಜವನ್ನು ಕುರಿತ ವಿಧಿಯಲ್ಲಿದೆ. ಆಸ್ಫೋತ, ಧಾತ್ರಿ, ಧವ, ವಾಸಿಕಾ, ವೇತಸ, ಸೂರ್ಯವಲ್ಲಿ, ಶ್ಯಾಮಾ, ಅತಿಮುಕ್ತ ಎಂಬ ಎಂಟು ಗಿಡಗಳ ಬೇರುಗಳನ್ನು ಹಾಲಿನಲ್ಲಿ ಕುದಿಸಿ, ಆರಿದ ಮೇಲೆ ಬೇಲದ ಬೀಜವನ್ನು ನೂರು ಚಪ್ಪಾಳೆಯ ಹೊತ್ತು ಅದರಲ್ಲಿಟ್ಟು ಬಿಸಿಲಿನಲ್ಲಿ ಒಣಗಿಸಬೇಕು; ದಿನದಿನವೂ ಹೀಗೆ ಒಂದು ತಿಂಗಳು ಮಾಡಿ ಆಮೇಲೆ ನೆಡಬೇಕು. ಔಷಧಿಸಸ್ಯಗಳ ಸಾರದಿಂದ ಬೀಜೋಪಚಾರಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಾಚೀನ ಉದಾಹರಣೆಯಿಲ್ಲವೆಂದು ಎತ್ತಿಹೇಳುವವರುಂಟು. ಆದರೆ ವಾಕ್ಯದ ಆರಂಭದಲ್ಲಿಯೇ ಗ್ರಂಥಕರ್ತನು ಉದ್ದೇಶವನ್ನು ಹೇಳಿದ್ದಾನೆ: ಇದು ಕಪಿತ್ಥದ ‘ವಲ್ಲೀಕರಣ’ಕ್ಕೆ. ಎಂದರೆ, ಮರವಾಗಬೇಕಾದ ಬೇಲವನ್ನು ಬಳ್ಳಿಯನ್ನಾಗಿ ಮಾಡುವುದಕ್ಕೆ. ಮೊಳಕೆಯನ್ನು ಬೇಗ ತರಿಸುವುದು ಇಲ್ಲಿಯ ಉದ್ದೇಶವೇ ಅಲ್ಲ. ಉದ್ದೇಶಪದವನ್ನು ಬಿಟ್ಟು ಉಳಿದ ವಿಧಿಯನ್ನು ಮಾತ್ರ ಹಿಡಿದರೆ, ತೋಟದ ವಿನೋದವೊಂದು ಹೊಲದ ಶಾಸ್ತ್ರವಾಗಿ ವೇಷ ಬದಲಿಸಿಕೊಳ್ಳುತ್ತದೆ.

ಹುಣಿಸೆಯನ್ನು ಕುರಿತ ಮುಂದಿನ ವಿಧಿಯಲ್ಲಿ ಈ ತೊಡಕು ಇನ್ನೂ ಬಿಗಿಯಾಗುತ್ತದೆ. ಅಕ್ಕಿ, ಉದ್ದು, ಎಳ್ಳುಗಳ ಹಿಟ್ಟು ಮೊದಲಾದುವನ್ನು ಕೂಡಿಸಿ ಎರೆದು, ಎಡೆಬಿಡದೆ ಅರಿಸಿನದ ಹೊಗೆಯನ್ನು ಕೊಟ್ಟರೆ ಹುಣಿಸೆಯೂ ‘ವಲ್ಲರಿ’ಯನ್ನು ಮಾಡುವುದೆಂದು ಅಲ್ಲಿ ಹೇಳಿದೆ. ವಲ್ಲರಿಯೆಂದರೆ ಬಳ್ಳಿ; ಮಂಜರಿ, ಚಿಗುರುಗೊಂಚಲು ಎಂಬ ಅರ್ಥಗಳೂ ಅದಕ್ಕುಂಟು. ಚಿಗುರೆಂದು ಹಿಡಿದವರಿಗೆ ಇದು ಗಟ್ಟಿ ಸಿಪ್ಪೆಯ ಬೀಜವನ್ನು ಮೊಳೆಯಿಸುವ ಉಪಾಯ. ಹುಣಿಸೆಬೀಜದ ಸಿಪ್ಪೆ ಗಟ್ಟಿಯಾದುದು, ನೀರು ಒಳಹೊಗುವುದಕ್ಕೆ ತಡೆಯಾಗುವಂಥದು ಎಂಬುದು ಅನುಭವಸಿದ್ಧವಾದುದರಿಂದ ಆ ಅರ್ಥವು ಮನಸ್ಸಿಗೆ ಹಿಡಿಸುತ್ತದೆ. ಆದರೆ ಪ್ರಕರಣವನ್ನು ನೋಡಿದರೆ, ಹಿಂದಿನ ವಿಧಿಯು ವಲ್ಲೀಕರಣದ್ದು. ‘ಹುಣಿಸೆಯೂ’ ಎಂಬ ಸಮುಚ್ಚಯವು ಆ ವಿಷಯವನ್ನೇ ಎಳೆದು ತರುತ್ತದೆ. ಮೇಲಾಗಿ ಇಲ್ಲಿ ಬೀಜವೆಂಬ ಶಬ್ದವೇ ಇಲ್ಲ. ಆದಕಾರಣ ಬಳ್ಳಿಯೆಂಬ ಅರ್ಥವೇ ಪ್ರಕರಣಕ್ಕೆ ಒಪ್ಪುವುದು. ಕೇವಲ ಒಂದು ನಾಮಪದದ ಅರ್ಥನಿರ್ಣಯದಿಂದ ಒಂದು ವಿಧಿಯು ಪ್ರಯೋಗಾರ್ಹವಾಗುವುದೋ ವಿಚಿತ್ರವರ್ಗಕ್ಕೆ ಸೇರುವುದೋ ತೀರ್ಮಾನವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಲೋಕೋಪಕಾರದ ವೃಕ್ಷಾಯುರ್ವೇದದಲ್ಲಿಯೂ ಉಪದೇಶವೂ ವಿಚಿತ್ರವೂ ಜೊತೆಜೊತೆಯಾಗಿ ಬರುತ್ತವೆ. ಇದನ್ನು ಗ್ರಂಥದ ದೋಷವೆನ್ನಲಾಗದು. ಶಾಸ್ತ್ರಕಾರನಿಗೆ ಎರಡೂ ಸಂಗ್ರಹಯೋಗ್ಯ ವಿದ್ಯೆಗಳೇ ಆಗಿದ್ದುವು. ಎರಡಕ್ಕೂ ನಡುವೆ ಗೆರೆಯೆಳೆಯುವುದು ಅವನನ್ನು ಓದುವವರ ಕೆಲಸ.

೩

ಈ ಗ್ರಂಥಪರಂಪರೆಗೂ ಕಲ್ಯಾಣದ ಸೀಮೆಗೂ ಇರುವ ಸಂಬಂಧವು ಗಾಢವಾದುದು. ಕಲ್ಯಾಣದ ಕೀರ್ತಿಯನ್ನು ಬಿಲ್ಹಣನು ಜಯಸಿಂಹನ ಮಗನಾದ ಒಂದನೆಯ ಸೋಮೇಶ್ವರನಿಗೆ ಸಲ್ಲಿಸುತ್ತಾನೆ. ಅದೇ ವಂಶದ ಮೂರನೆಯ ಸೋಮೇಶ್ವರನು ೧೧೩೦ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಉದ್ಯಾನವನ್ನು ಬೆಳೆಯಿಸುವ ಕ್ರಮವೂ ಸಸ್ಯಗಳ ಉಪಚಾರವೂ ಬರುತ್ತವೆ. ಆದರೆ ಆ ಉಪಚಾರವು ಯಾರಿಗಾಗಿ ಎಂಬುದನ್ನು ಮರೆಯಬಾರದು. ಅರಸನ ವಿನೋದವನದಲ್ಲಿ ಒಂದು ಮಾವಿನ ಸಸಿಗೆ ಹಾಲನ್ನೂ ತುಪ್ಪವನ್ನೂ ಸುರಿಯುವುದಕ್ಕೆ ಅಡ್ಡಿಯಿಲ್ಲ. ಎಕರೆಗಟ್ಟಲೆ ತೊಗರಿಯನ್ನು ಬಿತ್ತುವ ಒಕ್ಕಲಿಗನಿಗೆ ಅದು ನಡೆಯುವ ಮಾತಲ್ಲ. ವೃಕ್ಷಾಯುರ್ವೇದವು ಹೆಸರಿಗೆ ತಕ್ಕಂತೆ ವೃಕ್ಷದ ಶಾಸ್ತ್ರ. ಧಾನ್ಯದ ಬೀಜಕ್ಕೆ ಪ್ರಾಚೀನರು ಹೇಳಿದ ಸಂಸ್ಕಾರವು ಬೇರೆ ಜಾಡಿನದು. ಕೌಟಲ್ಯನ ಅರ್ಥಶಾಸ್ತ್ರದಲ್ಲಿ ಧಾನ್ಯಬೀಜಗಳನ್ನು ಏಳು ರಾತ್ರಿ ಮಂಜಿಗೂ ಹಗಲು ಬಿಸಿಲಿಗೂ ಒಡ್ಡಬೇಕೆಂದು ಇದೆ. ಕಬ್ಬಿನ ತುಂಡಿನ ಬಾಯಿಗೆ ಜೇನು, ತುಪ್ಪ, ಹಂದಿಯ ಕೊಬ್ಬು, ಸಗಣಿಗಳನ್ನು ಸವರಬೇಕೆಂದಿದೆ. ಹತ್ತಿಯಂತಹ ಗಟ್ಟಿ ಬೀಜಕ್ಕೆ ಸಗಣಿಯ ಲೇಪವಿದೆ. ಇಲ್ಲಿ ಮೂಲಿಕೆಗಳ ಕಷಾಯದ ಮಾತೇ ಇಲ್ಲವೆಂಬುದು ಗಮನಾರ್ಹ.

ಕಲ್ಯಾಣದ ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ವೈದ್ಯ ಸಂಗಣ್ಣನೂ ಒಕ್ಕಲಿಗ ಮುದ್ದಣ್ಣನೂ ಬರುತ್ತಾರೆ. ಇಬ್ಬರೂ ತಮ್ಮತಮ್ಮ ಕಾಯಕದ ಪರಿಭಾಷೆಯಿಂದಲೇ ತತ್ತ್ವವನ್ನು ಹೇಳಿದವರು. ಔಷಧದ ಮಾತು ವೈದ್ಯನಲ್ಲಿ, ಬಿತ್ತನೆಯ ಮಾತು ಒಕ್ಕಲಿಗನಲ್ಲಿ. ಅರಮನೆಯ ಶಾಸ್ತ್ರದಲ್ಲಿ ಕೂಡಿದ ಈ ಎರಡು ವಿದ್ಯೆಗಳು ಊರಿನ ಕಾಯಕದಲ್ಲಿ ಬೇರೆಬೇರೆ ಕೈಗಳಲ್ಲಿದ್ದುವೆಂಬುದನ್ನು ಇದು ನೆನಪಿಗೆ ತರುತ್ತದೆ. ಒಕ್ಕಲಿಗರ ವಾಡಿಕೆಯಲ್ಲಿ ಬಂದಿರುವ ಬೀಜರಕ್ಷಣೆಯು, ಎಂದರೆ ಬೂದಿ ಬೆರೆಸುವುದು, ಬೇವಿನ ಸೊಪ್ಪನ್ನಿಡುವುದು, ತೊಗರಿಗೆ ಕೆಮ್ಮಣ್ಣು ಹಚ್ಚಿ ಒಣಗಿಸುವುದು ಮೊದಲಾದುದು, ಬಹುಮಟ್ಟಿಗೆ ಹುಳು ಬೀಳದಂತೆ ಕಾಪಾಡುವುದಕ್ಕಾಗಿ ಇದ್ದುದು. ಸಸಿಯನ್ನು ಬೆಳೆಯಿಸುವ ಉಪಾಯವೇ ಬೇರೆ, ಕಣಜವನ್ನು ಕಾಯುವ ಉಪಾಯವೇ ಬೇರೆ. ಎರಡನ್ನೂ ಒಂದೇ ಸಂಪ್ರದಾಯವೆಂದು ಬರೆಯುವುದು ವಿವೇಚನೆಯಿಲ್ಲದ ಬರವಣಿಗೆ.

೪

ಎರಡನೆಯ ಪ್ರಶ್ನೆಯು ಗಿಡದ ಹೆಸರಿನದು. ಮೇಲೆ ಹೇಳಿದ ಎಂಟು ಬೇರುಗಳಲ್ಲಿ ಧಾತ್ರಿಯು ನೆಲ್ಲಿಯೆಂಬುದರಲ್ಲಿ ವಿವಾದವಿಲ್ಲ. ಶ್ಯಾಮಾ ಎಂದರೆ ತಿಗಡೆಯೋ ಪ್ರಿಯಂಗುವೋ ಸೊಗದೆಬೇರೋ? ಆಸ್ಫೋತವೆಂದರೆ ಎಕ್ಕೆಯೋ ಶಂಖಪುಷ್ಪದ ಬಳ್ಳಿಯೋ ಇನ್ನಾವುದೋ? ನಿಘಂಟುಗಳು ಒಂದೊಂದು ಹೆಸರಿಗೆ ಹಲವು ಅರ್ಥಗಳನ್ನು ಕೊಡುತ್ತವೆ. ಎಕ್ಕೆಯ ಬೇರಿನ ಸಾರವೂ ಸೊಗದೆಬೇರಿನ ಸಾರವೂ ಒಂದೇ ಗುಣದವಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಹೀಗಿರುವಾಗ ‘ಗ್ರಂಥೋಕ್ತವಾದ ಅಷ್ಟಮೂಲಿ’ಯನ್ನು ಪರೀಕ್ಷಿಸಿದೆವೆಂದು ಯಾರಾದರೂ ಹೇಳಿದರೆ, ಅವರು ಪರೀಕ್ಷಿಸಿದುದು ತಾವು ಮಾಡಿಕೊಂಡ ಒಂದು ಅರ್ಥವನ್ನೇ ಹೊರತು ಗ್ರಂಥವನ್ನಲ್ಲ.

ಈ ತೊಡಕು ಪುಸ್ತಕದೊಳಗೆ ಮಾತ್ರ ಇರುವುದಲ್ಲವೆಂಬುದನ್ನು ಕಾಣಲು ಮಾಣಿಕನಗರದಂತಹ ಊರನ್ನು ನೋಡಬೇಕು. ಹುಮನಾಬಾದಿಗೆ ಹೊಂದಿಕೊಂಡಿರುವ ಈ ಊರು ಬಸವಕಲ್ಯಾಣದ ನೆರೆಯ ಸೀಮೆಯದು. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಈ ಭಾಗದಲ್ಲಿ ಕೂಡಿ ಬಾಳಿದ ಭಾಷೆಗಳು. ಊರಿಗೆ ಹೆಸರನ್ನಿತ್ತ ಮಾಣಿಕಪ್ರಭುಗಳೇ (೧೮೧೭–೧೮೬೫) ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪದಗಳನ್ನು ರಚಿಸಿದವರು. ೧೯೫೬ರವರೆಗೆ ಬೀದರ ಜಿಲ್ಲೆಯು ಹೈದರಾಬಾದಿಗೆ ಸೇರಿತ್ತು. ಇಲ್ಲಿ ಒಂದೇ ಗಿಡಕ್ಕೆ ನಾಲ್ಕು ಹೆಸರುಗಳು ಸಹಜ. ಲಕ್ಕಿಯನ್ನು ಮರಾಠಿಯವರು ನಿರ್ಗುಡಿಯೆನ್ನುತ್ತಾರೆ, ತೆಲುಗರು ವಾವಿಲಿಯೆನ್ನುತ್ತಾರೆ, ಉರ್ದುವಿನಲ್ಲಿ ಅದು ಸಂಭಾಲು. ಆಡುಸೋಗೆಯು ಮರಾಠಿಯಲ್ಲಿ ಅಡುಳಸಾ, ತೆಲುಗಿನಲ್ಲಿ ಅಡ್ಡಸರಮು. ಬೀಜವನ್ನು ಕೊಡುವ ತೊಗರಿಯೇ ಒಬ್ಬರಿಗೆ ತೂರ, ಮತ್ತೊಬ್ಬರಿಗೆ ಕಂದಿ.

ಹೆಸರು ಬೇರೆಯಾಗಿ ಗಿಡ ಒಂದೇ ಆದರೆ ಅಷ್ಟು ಹಾನಿಯಿಲ್ಲ. ಹೆಸರು ಒಂದರಂತೆ ಕೇಳಿಸಿ ಗಿಡ ಬೇರೆಯಾದಾಗ ಅಪಾಯ. ಸಂಸ್ಕೃತದ ‘ನಿಂಬ’ವು ಬೇವು, ಕನ್ನಡದ ‘ನಿಂಬೆ’ಯು ಹುಳಿಯ ಹಣ್ಣು. ಮರಾಠಿಯಲ್ಲಿ ‘ಲಿಂಬ’, ‘ಕಡುಲಿಂಬ’ವೆಂದರೆ ಬೇವು, ‘ಲಿಂಬು’ ಎಂದರೆ ನಿಂಬೆ; ಉತ್ತರ ಕರ್ಣಾಟಕದ ಆಡುಮಾತಿನಲ್ಲಿ ‘ಲಿಂಬಿ’ ಎಂದರೂ ನಿಂಬೆಯೇ. ಓಲೆಯ ಪ್ರತಿಯಲ್ಲಿ ಒಂದು ಏತ್ವ ಹೆಚ್ಚಾಗುವುದೂ ಬಿಟ್ಟುಹೋಗುವುದೂ ದಿನಬೆಳಗಾದರೆ ಕಾಣುವ ಲಿಪಿಕಾರದೋಷ. ಬೇವಿನ ಎಲೆಯ ನೀರಿನಲ್ಲಿ ತೊಗರಿಯನ್ನು ಒಂದು ರಾತ್ರಿ ಇಡುವುದು ಒಂದು. ಕಟುವಾದ ಆಮ್ಲವುಳ್ಳ ನಿಂಬೆಯ ರಸದಲ್ಲಿ ಇಡುವುದು ಇನ್ನೊಂದು. ಎರಡನೆಯದರಲ್ಲಿ ಬೀಜದ ಭ್ರೂಣವೇ ಬೇಯುವ ಸಂಭವವುಂಟು. ಆಗ ಪ್ರಯೋಗಕರ್ತನು ಶಾಸ್ತ್ರವು ಸುಳ್ಳೆಂದು ಬರೆಯುತ್ತಾನೆ. ಸುಳ್ಳಾದುದು ಶಾಸ್ತ್ರವಲ್ಲ, ಒಂದು ಸ್ವರಚಿಹ್ನೆ.

೫

ಮೂರನೆಯ ಪ್ರಶ್ನೆಯು ಅಳತೆಯದು. ಮೂರರಲ್ಲಿಯೂ ಇದೇ ಹೆಚ್ಚು ಗಹನವಾದುದು.

ಒಂದು ಸಸ್ಯದಿಂದ ಹೊರಟ ದ್ರವ್ಯವು ಇನ್ನೊಂದರ ಬೆಳವಣಿಗೆಯನ್ನು ಬದಲಿಸುವ ವ್ಯಾಪಾರಕ್ಕೆ ೧೯೩೭ರಲ್ಲಿ ಹಾನ್ಸ್ ಮೋಲಿಶ್ ಎಂಬ ಸಸ್ಯಶಾಸ್ತ್ರಜ್ಞನು ಅಲೆಲೋಪತಿಯೆಂದು ಹೆಸರಿಟ್ಟನು. ಅಂದಿನಿಂದ ಈ ವಿಷಯದಲ್ಲಿ ನಡೆದ ಪರೀಕ್ಷೆಗಳಲ್ಲಿ ಪದೇಪದೇ ಕಂಡುಬಂದ ಸಂಗತಿ ಒಂದು: ಒಂದೇ ಎಲೆಯ ಸಾರವು ತೆಳುವಾಗಿದ್ದಾಗ ಮೊಳಕೆಯನ್ನು ಪ್ರಚೋದಿಸಬಹುದು, ದಟ್ಟವಾಗಿದ್ದಾಗ ಅದನ್ನೇ ತಡೆಯಬಹುದು. ಸಾರವನ್ನು ಮೊದಲು ಮುಟ್ಟುವುದು ಬೇರಾದುದರಿಂದ ಹಾನಿಯು ಬಹುಸಲ ಕಾಂಡಕ್ಕಿಂತ ಮೊದಲು ಬೇರಿನಲ್ಲಿ ತೋರುತ್ತದೆ. ಆದುದರಿಂದಲೇ ಈಗಿನ ಪರೀಕ್ಷಕರು ನೂರು ಭಾಗ ನೀರಿಗೆ ಒಂದು, ಐದು, ಹತ್ತು ಭಾಗ ಎಂಬಂತೆ ಸಾರವನ್ನು ಶ್ರೇಣಿಯಾಗಿ ತಯಾರಿಸುತ್ತಾರೆ. ಮೊಳೆತ ಬೀಜಗಳ ಪ್ರಮಾಣವನ್ನೂ ಬೇರು ಮೊಳಕೆಗಳ ಉದ್ದವನ್ನೂ ಬೇರೆಬೇರೆಯಾಗಿ ಅಳೆಯುತ್ತಾರೆ. ಸಾರವೊಂದಕ್ಕೆ ‘ಹಿತ’ ಎಂದೋ ‘ಅಹಿತ’ ಎಂದೋ ಒಂದೇ ಮಾತಿನಲ್ಲಿ ಹೇಳುವುದು ಹೀಗೆ ಅಸಾಧ್ಯವಾಗುತ್ತದೆ. ಮಾತ್ರೆಯನ್ನು ಹೇಳದೆ ಗುಣವನ್ನು ಹೇಳಲಾಗದು.

ವರಾಹಮಿಹಿರನಿಗೆ ಅಳತೆಯ ಪರಿಜ್ಞಾನವಿರಲಿಲ್ಲವೇ? ಧಾರಾಳವಾಗಿ ಇತ್ತು. ನೆಡುವ ಗುಳಿಯು ಒಂದು ಹಸ್ತ ಅಗಲ, ಎರಡು ಹಸ್ತ ಆಳ ಇರಬೇಕೆನ್ನುತ್ತಾನೆ. ಗಿಡಕ್ಕೆ ಎರೆಯುವ ಗೊಬ್ಬರನೀರಿಗೆ ಆಡುಕುರಿಗಳ ಹಿಕ್ಕೆಯ ಪುಡಿ ಎರಡು ಆಢಕ, ಎಳ್ಳು ಒಂದು ಆಢಕ, ಹಿಟ್ಟು ಒಂದು ಪ್ರಸ್ಥ, ನೀರು ಒಂದು ದ್ರೋಣ, ಕೊಳೆಯಿಸುವ ಕಾಲ ಏಳು ರಾತ್ರಿ ಎಂದು ಬಿಡಿಸಿ ಹೇಳುತ್ತಾನೆ. ಬೇಲದ ಬೀಜವು ಕಷಾಯದಲ್ಲಿರಬೇಕಾದ ಹೊತ್ತನ್ನೂ ಚಪ್ಪಾಳೆಯ ಲೆಕ್ಕದಲ್ಲಿ ಕೊಟ್ಟಿದ್ದಾನೆ. ಆದರೆ ಎಂಟು ಬೇರುಗಳಿಗೂ ಹಾಲಿಗೂ ಇರಬೇಕಾದ ಪ್ರಮಾಣವನ್ನು ಮಾತ್ರ ಹೇಳಿಲ್ಲ. ಗೊಬ್ಬರದಲ್ಲಿ ಅಳತೆಗಾರನಾದವನು ಕಷಾಯದಲ್ಲಿ ಮೌನಿಯಾಗಿದ್ದಾನೆ.

ಈ ಮೌನಕ್ಕೆ ಒಂದು ಸಮಾಧಾನವನ್ನು ಪಂಡಿತರು ಹೇಳಬಹುದು. ವೈದ್ಯಶಾಸ್ತ್ರದಲ್ಲಿ ಪರಿಭಾಷೆಯೆಂಬುದುಂಟು, ವಿಶೇಷವಾಗಿ ಹೇಳದಿದ್ದ ಕಡೆ ಸಾಮಾನ್ಯನಿಯಮವನ್ನು ತಂದುಕೊಳ್ಳಬೇಕು. ಕ್ಷೀರಪಾಕಕ್ಕೆ ದ್ರವ್ಯ ಒಂದು ಭಾಗ, ಹಾಲು ಎಂಟು ಭಾಗ, ನೀರು ಮೂವತ್ತೆರಡು ಭಾಗ ಕೂಡಿಸಿ ಹಾಲು ಉಳಿಯುವವರೆಗೆ ಕುದಿಸಬೇಕೆಂಬುದು ಪ್ರಸಿದ್ಧವಾದ ನಿಯಮ. ಅದನ್ನು ಇಲ್ಲಿಗೂ ಅನ್ವಯಿಸಿದರೆ ವಾಕ್ಯವು ಪೂರ್ಣವಾಗುವುದಲ್ಲವೇ? ವ್ಯಾಖ್ಯಾನದೃಷ್ಟಿಯಿಂದ ಈ ಸಮಾಧಾನವು ಬಲವುಳ್ಳದ್ದು, ಗ್ರಂಥಕರ್ತನ ಮನಸ್ಸಿನಲ್ಲಿ ಇಂತಹದೇ ಏನೋ ಇದ್ದಿರಲೂಬಹುದು. ಆದರೆ ಆ ನಿಯಮವು ಮನುಷ್ಯನ ಜಠರವನ್ನು ಲಕ್ಷ್ಯದಲ್ಲಿಟ್ಟುಕೊಂಡು ಹುಟ್ಟಿದುದು. ಮರಗಳಿಗೂ ವಾತಪಿತ್ತಕಫಗಳುಂಟೆಂದು ಸುರಪಾಲನಂತಹ ವೃಕ್ಷಾಯುರ್ವೇದಕಾರರು ಹೇಳಿದಾಗ, ಮನುಷ್ಯವೈದ್ಯದ ಚೌಕಟ್ಟನ್ನು ಸಸ್ಯಕ್ಕೆ ವಿಸ್ತರಿಸಿದರು. ಚೌಕಟ್ಟಿನೊಡನೆ ಮಾತ್ರೆಯೂ ಹಾಗೆಯೇ ಬಂದಿತೆಂದು ಹಿಡಿದರೆ, ರೋಗಿಗೆ ಪಥ್ಯವಾದ ಕಷಾಯವು ಬೀಜಕ್ಕೆ ವಿಷವಾಗುವುದನ್ನು ತಡೆಯುವ ಯುಕ್ತಿಯು ಯಾವುದೂ ಉಳಿಯುವುದಿಲ್ಲ.

ಅಳತೆಯ ಮಾತಿನಲ್ಲಿ ಇನ್ನೆರಡು ಸಂಗತಿಗಳನ್ನು ಸೇರಿಸಬೇಕು. ಬೀಜವನ್ನು ಬರಿಯ ನೀರಿನಲ್ಲಿ ಕೆಲವು ಗಂಟೆ ನೆನೆಯಿಸಿ ಒಣಗಿಸಿ ಬಿತ್ತಿದರೂ ಮೊಳಕೆ ಬೇಗ ಬರುವುದುಂಟು. ಆದಕಾರಣ ಕಷಾಯದಲ್ಲಿ ನೆನೆಯಿಸಿದ ಬೀಜವನ್ನು ಒಣಬೀಜದೊಡನೆ ಮಾತ್ರ ಹೋಲಿಸಿ ಮೂಲಿಕೆಯ ಮಹಿಮೆಯನ್ನು ಹಾಡುವುದು, ನೀರಿನ ಪುಣ್ಯವನ್ನು ಎಲೆಗೆ ಬರೆದಂತೆ. ಎರಡನೆಯದು, ಎತ್ತರವೇ ಆರೋಗ್ಯವಲ್ಲವೆಂಬುದು. ಭತ್ತದ ಸಸಿಗಳು ಅತಿಯಾಗಿ ಉದ್ದವಾಗಿ ಕೃಶವಾಗುವ ರೋಗವೊಂದು ಜಪಾನೀಯರಿಗೆ ತಿಳಿದಿತ್ತು. ೧೯೨೬ರಲ್ಲಿ ಕುರೊಸಾವನೆಂಬ ವಿದ್ವಾಂಸನು ಆ ರೋಗದ ಶಿಲೀಂಧ್ರವನ್ನು ಬೆಳೆಸಿದ ದ್ರವವನ್ನು ಸೋಸಿ ಎರೆದರೂ ಸಸಿಗಳು ಹಾಗೆಯೇ ನೀಳವಾಗುವುದನ್ನು ತೋರಿಸಿದನು. ಆ ದ್ರವ್ಯಕ್ಕೆ ೧೯೩೫ರಲ್ಲಿ ಯಾಬುತನು ಜಿಬ್ಬೆರೆಲಿನ್ ಎಂದು ಹೆಸರಿಟ್ಟನು. ಬೀಜದೊಳಗಿನ ಪಿಷ್ಟವನ್ನು ಕರಗಿಸಿ ಮೊಳಕೆಗೆ ಆಹಾರವನ್ನೊದಗಿಸುವ ವ್ಯಾಪಾರಕ್ಕೆ ಅದೇ ದ್ರವ್ಯವು ಸಸ್ಯದಲ್ಲಿಯೂ ಕಾರಣವೆಂಬುದು ಮುಂದೆ ತಿಳಿದುಬಂದಿತು. ಹಿತಕರವಾದ ಪ್ರೇರಕವೂ ರೋಗದ ಲಕ್ಷಣವೂ ಒಂದೇ ದ್ರವ್ಯದ ಎರಡು ಮಾತ್ರೆಗಳು. ನೆಲದ ಮೇಲಿನ ಉದ್ದವನ್ನು ಮಾತ್ರ ಅಳೆದು ‘ಬೆಳವಣಿಗೆ ಹೆಚ್ಚಿತು’ ಎನ್ನುವ ವರದಿಗಳನ್ನು ಈ ದೃಷ್ಟಾಂತದಿಂದ ತೂಗಿನೋಡಬೇಕು.

೬

ಇಷ್ಟರಿಂದ ಲೋಕೋಪಕಾರಕ್ಕೂ ಅದರ ಬಂಧುಗ್ರಂಥಗಳಿಗೂ ಗೌರವವು ಕುಂದುವುದಿಲ್ಲ. ಬೀಜವು ಜಡವಲ್ಲ, ಬಿತ್ತುವ ಮೊದಲೇ ಅದನ್ನು ಸಿದ್ಧಪಡಿಸಬಹುದು, ಒಂದು ಗಿಡದ ಸಾರವು ಇನ್ನೊಂದರ ಜೀವವನ್ನು ಮುಟ್ಟಬಲ್ಲುದು ಎಂಬ ಮೂರು ದೊಡ್ಡ ಊಹೆಗಳು ಆ ಗ್ರಂಥಗಳಲ್ಲಿ ಇವೆ, ಮೂರೂ ಸಾರವತ್ತಾದವು. ಆದರೆ ಊಹೆಯನ್ನು ನಿರ್ಣಯವೆಂದು ಮಾರುವುದು ಗ್ರಂಥಕ್ಕೂ ಉಪಕಾರವಲ್ಲ, ಲೋಕಕ್ಕೂ ಅಲ್ಲ.

ಇಂತಹ ಗ್ರಂಥದ ಮುಂದಿನ ಸಂಸ್ಕರಣದಲ್ಲಿ ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ವಿಧಿವಾಕ್ಯಗಳನ್ನು ವಿಚಿತ್ರವಾಕ್ಯಗಳಿಂದ ಟಿಪ್ಪಣಿಯಲ್ಲಿ ಬೇರ್ಪಡಿಸಬೇಕು. ಪ್ರತಿಯೊಂದು ಸಸ್ಯನಾಮಕ್ಕೂ ಪಾಠಾಂತರಗಳನ್ನೂ ಸಾಧ್ಯವಾದ ಅರ್ಥಗಳೆಲ್ಲವನ್ನೂ ಕೊಟ್ಟು, ಕನ್ನಡದ ಪ್ರಾಂತಭೇದಗಳ ಜೊತೆಗೆ ಮರಾಠಿ ತೆಲುಗು ಉರ್ದು ಹೆಸರುಗಳನ್ನೂ ಸಸ್ಯಶಾಸ್ತ್ರದ ಹೆಸರನ್ನೂ ಸೇರಿಸಬೇಕು. ಅಳತೆಯಿದ್ದಲ್ಲಿ ಅದನ್ನು ಈಗಿನ ಮಾನಕ್ಕೆ ಇಳಿಸಬೇಕು. ಇಲ್ಲದಲ್ಲಿ ಇಲ್ಲವೆಂದೇ ಬರೆಯಬೇಕು. ಆ ಬಳಿಕ ಪ್ರಯೋಗಕರ್ತನು ಒಣಬೀಜ, ನೀರಲ್ಲಿ ನೆನೆದ ಬೀಜ, ಶ್ರೇಣಿಕ್ರಮದ ಸಾರಗಳಲ್ಲಿ ನೆನೆದ ಬೀಜ ಎಂದು ಬೇರೆಬೇರೆ ಇಟ್ಟು ನೋಡಲಿ. ಆಗ ಬರುವ ಫಲವು ಅನುಕೂಲವಾದರೂ ಪ್ರತಿಕೂಲವಾದರೂ ಅದು ಗ್ರಂಥಕ್ಕೆ ಸಂಬಂಧಿಸಿದ ಫಲವೆನ್ನಿಸಿಕೊಳ್ಳುವುದು.

ಹುಮನಾಬಾದಿನ ಸುತ್ತಣ ಹೊಲಗಳಲ್ಲಿ ತೊಗರಿ, ಉದ್ದು, ಹೆಸರುಗಳ ಮುಂಗಾರು ಬಿತ್ತನೆಗೆ ಬಹುತೇಕ ಮಳೆಯೇ ಆಧಾರ. ಮೃಗಶಿರೆಯ ಮಳೆಗೆ ಕೈಯಿಂದ ಜಾರಿದ ಬೀಜವು ಮೊಳೆಯದಿದ್ದರೆ ಮತ್ತೆ ಬಿತ್ತುವಷ್ಟರಲ್ಲಿ ಹದವು ಹೋಗಿರುತ್ತದೆ. ಆ ಬೀಜವನ್ನು ಯಾವ ಎಲೆಯ ನೀರಿನಲ್ಲಿ, ಎಷ್ಟು ಹೊತ್ತು, ಎಷ್ಟು ದಟ್ಟದಲ್ಲಿ ಇಡಬೇಕೆಂದು ಹಳೆಯ ಓಲೆಯ ಹೆಸರಿನಲ್ಲಿ ಹೇಳುವವರು, ಓಲೆಯನ್ನು ಮೊದಲು ಸರಿಯಾಗಿ ಓದಿರಬೇಕು. ಲೋಕೋಪಕಾರವೆಂಬ ಹೆಸರಿನ ಭಾರವನ್ನು ಈಗ ಹೊತ್ತಿರುವವರು ಅದರ ಸಂಪಾದಕರೂ ಅಧ್ಯಾಪಕರೂ ಆಗಿದ್ದಾರೆ.